ಬಿಳಿ ಅಂಗಿಯ ನೀಲಿ

ನಮ್ಮ ಮನೆಯಲ್ಲಿ ಊಟ-ತಿಂಡಿಗೆ ಕೂತಾಗ ಬಣ್ಣದ ಮಾತು ಎತ್ತಬಾರದು ಎಂಬ ನಿಯಮವಿದೆ. ವಕೀಲರ ಮನೆಯಲ್ಲಿ ವಾದ ಹೂಡಬಾರದು, ಡಾಕ್ಟರ ಮನೆಯಲ್ಲಿ ಕೆಮ್ಮಬಾರದು ಎನ್ನುವ ಹಾಗೆ ಇದೂ ಅನುಭವದಿಂದ ಹುಟ್ಟಿದ ಕಾನೂನು. ಮಾಡಿದವಳು ನನ್ನ ಹೆಂಡತಿ ಸುಧಾ. ಒಂದು ಬೆಳಿಗ್ಗೆ ಅವಳು ಕೊತ್ತಂಬರಿ ಚಟ್ನಿ ಬಡಿಸುತ್ತಾ, "ಎಷ್ಟು ಹಸಿರಾಗಿ ಬಂದದ ನೋಡ್ರಿ" ಎಂದಳು. ನಾನು "ಹೌದು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಎದ್ದು ಹೋಗಿ, ಚೀಲದಿಂದ ಬಣ್ಣ ಅಳೆಯುವ ಉಪಕರಣ ತಂದು, ಚಟ್ನಿಯ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಮೂರು ಕಡೆ ಅಳೆದು, "ಇದು ಹಸಿರಲ್ಲ, ಹಳದಿಯ ಕಡೆಗೆ ವಾಲಿದ ಹಸಿರು. ಮನುಷ್ಯರ ಕಣ್ಣು ಉಪಕರಣವಲ್ಲ ಸುಧಾ, ಅದನ್ನು ನಂಬಬಾರದು" ಎಂದು ವಿವರಿಸಿದೆ. ಅಷ್ಟರಲ್ಲಿ ಇಡ್ಲಿ ತಣ್ಣಗಾಗಿತ್ತು. ಅವಳೂ ತಣ್ಣಗೆ ಎದ್ದು ಹೋಗಿ ಈ ಕಾನೂನನ್ನು ಜಾರಿಗೆ ತಂದಳು.

ಬಣ್ಣ ಅಳೆಯುವುದು ನನ್ನ ಹೊಟ್ಟೆಪಾಡು. ಹೀಗೆ ಹೇಳಿದರೆ ಕೇಳಿದವರು ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ಸುಧಾಳನ್ನು ನೋಡಲು ಹೋದಾಗ ನನ್ನ ಭಾವಿ ಮಾವನವರೂ ಹಾಗೇ ನೋಡಿದ್ದರು. ಅವರು ನಮ್ಮೂರು ಬಳ್ಳಾರಿಯಲ್ಲೇ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಳತೆಯ ವಿಷಯದಲ್ಲಿ ಅವರನ್ನು ಏಮಾರಿಸುವುದು ಸುಲಭವಲ್ಲ. "ಬಣ್ಣ ಹಚ್ಚೋರನ್ನ ನೋಡೀವಿ, ಮಾರೋರನ್ನ ನೋಡೀವಿ. ಅಳೆಯೋದಂದ್ರ ಏನಪಾ? ಸೇರಿಲೆ ಅಳೀತೀರೋ, ಮೊಳದಲೆ ಅಳೀತೀರೋ?" ಎಂದು ಕೇಳಿದರು. ನಾನು ಎದುರಿಗಿದ್ದ ಚಹಾದ ಲೋಟವನ್ನೇ ಹಿಡಿದು ಅರ್ಧ ಗಂಟೆ ಪಾಠ ಮಾಡಿದೆ. ಬಣ್ಣ ಚಹಾದಲ್ಲಿಲ್ಲ, ಮೇಲೆ ಬೀಳುವ ಬೆಳಕು, ಚಹಾ, ನೋಡುವ ಕಣ್ಣು ಈ ಮೂರೂ ಸೇರಿದರೆ ಮಾತ್ರ ಬಣ್ಣ, ಮೂರರಲ್ಲಿ ಒಂದು ಬದಲಾದರೂ ಬಣ್ಣ ಬದಲಾಗುತ್ತದೆ ಎಂದೆಲ್ಲ ಹೇಳಿದೆ. ಅವರು ಒಳಗೆ ಹೋಗಿ, "ಹುಡುಗ ಸಾಧು ಇದ್ದಾನ. ನೌಕರಿ ಏನಂತ ನನಗ ತಿಳೀಲಿಲ್ಲ. ಆದ್ರ ಅದಕ್ಕ ಸಂಬಳ ಕೊಡ್ತಾರಂತ" ಎಂದದ್ದು ನನಗೂ ಕೇಳಿಸಿತು.

ಮಾವನವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಪಂಗಡವೇ ಹಾಗೆ. ನನ್ನ ಜೊತೆ ಓದಿದವನೊಬ್ಬ ಕಟ್ಟಿಸಿಕೊಳ್ಳುವ ಹಲ್ಲು ನಿಜವಾದ ಹಲ್ಲಿನ ಬಣ್ಣಕ್ಕೆ ಹೊಂದುತ್ತದೆಯೇ ಎಂದು ನೋಡುವುದರಲ್ಲಿ ತಲೆ ನೆರೆಸಿಕೊಂಡ. ಎದುರಿಗೆ ಯಾರಾದರೂ ನಕ್ಕರೆ ಅವನು ಜೊತೆಗೆ ನಗುವುದಿಲ್ಲ, ಬಗ್ಗಿ ನೋಡುತ್ತಾನೆ. ಇನ್ನೊಬ್ಬನಿಗೆ ಮಂಜಿನಲ್ಲಿ ರೈಲಿನ ಕೆಂಪು ದೀಪ ಎಷ್ಟು ಕೆಂಪಾಗಿ ಕಾಣುತ್ತದೆ ಎಂಬುದೇ ಜೀವನ. ಒಬ್ಬಾಕೆ ಕೋಳಿಗೆ ಯಾವ ಬಣ್ಣ ಹೇಗೆ ಕಾಣುತ್ತದೆ ಎಂದು ವರ್ಷಗಟ್ಟಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಳು. ಕೋಳಿಗಳ ತಕರಾರೇನೂ ಇರಲಿಲ್ಲ. ನಾವೆಲ್ಲ ವಿಚಾರ ಸಂಕಿರಣಗಳಲ್ಲಿ ಸೇರಿದರೆ ಮೊದಲ ಒಂದು ಗಂಟೆ ಸಭಾಂಗಣದ ದೀಪ ಸರಿಯಿಲ್ಲವೆಂದು ಜಗಳವಾಡುತ್ತೇವೆ.

ಅಲ್ಲಿ ಇಲ್ಲಿ ಪ್ರಯೋಗಾಲಯಗಳಲ್ಲಿ ದುಡಿದ ಮೇಲೆ ನಾನು ಬಳ್ಳಾರಿಗೇ ವಾಪಸು ಬಂದೆ. ಬಣ್ಣ ಅಳೆಯುವವನಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿದೆ? ಊರ ತುಂಬ ಜೀನ್ಸ್ ಹೊಲಿಯುತ್ತಾರೆ, ಒಗೆಯುತ್ತಾರೆ, ಒಗೆದು ಹಳತು ಮಾಡಿ ಹೊಸದೆಂದು ಮಾರುತ್ತಾರೆ. ಅಂಥದೊಂದು ವಾಷಿಂಗ್ ಯುನಿಟ್ಟಿನಲ್ಲಿ ಬಣ್ಣದ ಕೋಣೆ ನನ್ನದು. ಅದರ ಜೊತೆಗೆ ಮಂಗಳವಾರ ಕುರುಗೋಡಿಗೆ ಹೋಗಿ ವ್ಯಾಪಾರಿಗಳ ಮೆಣಸಿನಕಾಯಿಯ ಕೆಂಪು ಅಳೆಯುತ್ತೇನೆ. ಗುರುವಾರ ಸಿರುಗುಪ್ಪಕ್ಕೆ ಹೋಗಿ ರೈಸ್ ಮಿಲ್ಲಿನ ಅಕ್ಕಿಯ ಬಿಳುಪು ಅಳೆಯುತ್ತೇನೆ. ಹೀಗೆ ವಾರದಲ್ಲಿ ನೀಲಿ, ಕೆಂಪು, ಬಿಳಿ ಮೂರೂ ಆಗುತ್ತವೆ. ಜೀನ್ಸಿನ ಪ್ರತಿ ಲಾಟಿನ ಮೇಲೆ "ಬಣ್ಣ ಸರಿ" ಎಂದು ಬರೆದು ನಾನು ಸಹಿ ಹಾಕದೆ ಒಂದು ಪ್ಯಾಂಟೂ ಗೇಟು ದಾಟುವುದಿಲ್ಲ. ಸತ್ಯ ಹೇಳಬೇಕೆಂದರೆ ಆ ಸಹಿಯೇ ನನ್ನ ಆಸ್ತಿ. ಸಂಜೆ ಮನೆಗೆ ಬರುವಾಗ, ಇವತ್ತು ಇಷ್ಟು ಜನರ ಕಾಲಿಗೆ ನನ್ನ ಒಪ್ಪಿಗೆಯ ನೀಲಿ ಸಿಕ್ಕಿತು ಎಂದು ಹೆಮ್ಮೆ ಪಡುತ್ತಿದ್ದೆ.

ಯುನಿಟ್ಟಿನಲ್ಲಿ ನನಗೊಬ್ಬ ಎದುರಾಳಿಯಿದ್ದ, ನಜೀರ್ ಮೇಸ್ತ್ರಿ. ವಾಷಿಂಗ್ ಮಾಡಿಸುವವನು ಅವನೇ. ವಯಸ್ಸು ಹೆಚ್ಚುಕಡಿಮೆ ನನ್ನದೇ. ಓದು ಏಳನೆಯ ಇಯತ್ತೆ. ನಾನು ಕೋಣೆಯೊಳಗೆ ಪ್ರಮಾಣಿತ ದೀಪದ ಪೆಟ್ಟಿಗೆಯ ಮುಂದೆ ಕೂತು ಉಪಕರಣದಿಂದ ಅಳೆದರೆ, ಅವನು ಪ್ಯಾಂಟನ್ನು ಹಿತ್ತಲಿನ ಬಿಸಿಲಿಗೆ ಒಯ್ದು, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಮೇಲೆ ಬಾಗಿಲಲ್ಲಿ ನಿಂತು, "ಸಾಬ್, ನಿಮ್ಮ ಡಬ್ಬಿ ಏನಂತೈತಿ?" ಎಂದು ಕೇಳುತ್ತಿದ್ದ. ಡಬ್ಬಿ ಎಂದರೆ ಹೊರದೇಶದಿಂದ ಬಂದ ನನ್ನ ಉಪಕರಣ. ಡಬ್ಬಿ ಹೇಳಿದ್ದೂ ಅವನು ಹೇಳಿದ್ದೂ ಒಂದೇ ಆಗಿರುತ್ತಿತ್ತು. ನಾನು ಅದನ್ನು ಆಕಸ್ಮಿಕವೆಂದೇ ಬಗೆದಿದ್ದೆ. ಅಷ್ಟು ವರ್ಷ ದಿನಕ್ಕೆ ಹತ್ತು ಸಲ ಆಕಸ್ಮಿಕ ಹೇಗೆ ನಡೆಯುತ್ತದೆ ಎಂದು ಯೋಚಿಸಲಿಲ್ಲ. ಕಣ್ಣು ಉಪಕರಣವಲ್ಲ ಎಂದು ಅವನಿಗೂ ಬೇಕಾದಷ್ಟು ಸಲ ಹೇಳಿದ್ದೆ. "ಬಿಲ್ಕುಲ್ ಸಾಬ್" ಎಂದು ತಲೆಯಾಡಿಸಿ ಮತ್ತೆ ಬಿಸಿಲಿಗೇ ಹೋಗುತ್ತಿದ್ದ.

ಇಲ್ಲಿ ನನ್ನ ಅಂಗಿಯ ವಿಷಯ ಹೇಳಬೇಕು. ಬಣ್ಣ ನೋಡುವವನು ಬಣ್ಣದ ಬಟ್ಟೆ ಹಾಕಬಾರದು. ಅಂಗಿಯ ಬಣ್ಣ ಎದುರಿಗಿರುವ ವಸ್ತುವಿನ ಮೇಲೆ ಬಿದ್ದು ಅಳತೆ ಕೆಡುತ್ತದೆ. ಆದ್ದರಿಂದ ನಾನು ಬಿಳಿ ಬಿಟ್ಟು ಬೇರೆ ಹಾಕಿದವನಲ್ಲ. ನಮ್ಮೂರಿನ ಗಡಸು ನೀರಿಗೆ ಬಿಳಿ ಬಟ್ಟೆ ಬೇಗ ಹಳದಿ ತಿರುಗುತ್ತದೆ. ಅದಕ್ಕೆ ನೀಲಿ ಹಾಕಬೇಕು. ಆ ಕೆಲಸವನ್ನು ಸುಧಾಳಿಗೆ ಬಿಟ್ಟುಕೊಡದೆ ಪ್ರತಿ ಭಾನುವಾರ ಬೆಳಿಗ್ಗೆ ನಾನೇ ಮಾಳಿಗೆಯ ಮೇಲೆ ಬಕೆಟ್ ಇಟ್ಟುಕೊಂಡು ಮಾಡುತ್ತಿದ್ದೆ. ಒಂದೊಂದೇ ಹನಿ ಹಾಕುತ್ತಾ, ಅಂಗಿ ಅದ್ದಿ ಎತ್ತಿ ನೋಡುತ್ತಾ, ಬಿಳುಪು ಬಂದ ಕೂಡಲೇ ನಿಲ್ಲಿಸುವುದು ನನ್ನ ಕ್ರಮ. ಮೊದಮೊದಲು ಒಂದು ಬಕೆಟ್ಟಿಗೆ ನಾಲ್ಕು ಹನಿ ಸಾಕಾಗುತ್ತಿತ್ತು. ಬರಬರುತ್ತಾ ಎಂಟಾಯಿತು, ಹದಿನೈದಾಯಿತು, ಕೊನೆಗೆ ಹನಿ ಎಣಿಸುವುದನ್ನು ಬಿಟ್ಟು ಮುಚ್ಚಳದಲ್ಲಿ ಸುರಿಯತೊಡಗಿದೆ. "ಈಗಿನ ನೀಲಿಯಲ್ಲಿ ಸತ್ವವೇ ಇಲ್ಲ" ಎಂದು ಅಂಗಡಿಯವನಿಗೆ ಬೈದೂ ಬಂದೆ. ಸುಧಾ ಒಮ್ಮೆ ಮಾತ್ರ, "ಸಾಕ್ರೀ, ನೀಲಿ ಭಾಳ ಆತು" ಎಂದಿದ್ದಳು. ಅವಳನ್ನು ಕೂರಿಸಿ, ಕಾಗದದ ಮೇಲೆ ಗೆರೆ ಎಳೆದು, ಬಿಳುಪೆಂದರೇನು ಎಂದು ತಿಳಿಸಿಕೊಟ್ಟೆ. ಆಮೇಲೆ ಅವಳು ಆ ಸುದ್ದಿಗೇ ಬರಲಿಲ್ಲ. ಅವಳಿಗೆ ಅರ್ಥವಾಯಿತೆಂದು ನನಗೆ ಸಂತೋಷವಾಯಿತು. ಇಷ್ಟೆಲ್ಲ ಅಳೆಯುವವನು ಅಂಗಿಯನ್ನೇಕೆ ಅಳೆಯಲಿಲ್ಲ ಎಂದು ನೀವು ಕೇಳಬಹುದು. ಕಣ್ಣೆದುರಿಗೇ ಬೆಳ್ಳಗೆ ಕಾಣುವಾಗ ಅಳೆಯುವುದೇನು?

ತೊಂದರೆ ಶುರುವಾದದ್ದು ಸಿರುಗುಪ್ಪದಲ್ಲಿ. ಮಿಲ್ಲಿನಲ್ಲಿ ಹೊಸ ಅಕ್ಕಿ ಬಂದಿತ್ತು. ಉಪಕರಣ ಇಟ್ಟೆ, ಬಿಳುಪು ಚೆನ್ನಾಗಿದೆ ಎಂದಿತು. ಅಕ್ಕಿ ನೋಡಿದೆ, ಹಳದಿ. ಮತ್ತೆ ಉಪಕರಣ ಇಟ್ಟೆ, ಮತ್ತೆ ಬಿಳಿ. "ಉಪಕರಣ ಕೆಟ್ಟಿದೆ" ಎಂದು ಘೋಷಿಸಿದೆ. ಅಲ್ಲೇ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದ ಈರಮ್ಮ ಕೈ ನಿಲ್ಲಿಸಿ ನೋಡಿದಳು. ಅವಳು ಆ ಮಿಲ್ಲಿನಲ್ಲಿ ಅದರ ಗೋಡೆಗಳಷ್ಟೇ ಹಳಬಳು. "ಸಾರು, ನಿಮ್ಮ ಡಬ್ಬಿ ಬೆಳ್ಳಗೈತಿ ಅಂತೈತಿ. ನಾನೂ ಬೆಳ್ಳಗೈತಿ ಅಂತೀನಿ. ನೀವೊಬ್ರೇ ಹಳದಿ ಅಂತೀರಿ" ಎಂದಳು. ನಾನು ನಕ್ಕು, ಕಣ್ಣು ಮೋಸ ಮಾಡುತ್ತದಮ್ಮ ಎಂದೆ. ಅವಳು ನನ್ನ ಅಂಗಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಸರಿ ಬಿಡ್ರಿ" ಎಂದು ಮೊರ ಎತ್ತಿಕೊಂಡಳು.

ಮೂವತ್ತು ವರ್ಷ "ಕಣ್ಣನ್ನು ನಂಬಬೇಡಿ, ಉಪಕರಣವನ್ನು ನಂಬಿ" ಎಂದು ಊರಿಗೆಲ್ಲ ಹೇಳಿದ ನಾನು ಆಮೇಲೆ ಮಾಡಿದ್ದೇನು ಗೊತ್ತೇ? ಉಪಕರಣವನ್ನು ಹತ್ತಿಯಲ್ಲಿ ಸುತ್ತಿ ಕಂಪನಿಗೆ ರಿಪೇರಿಗೆ ಕಳಿಸಿದೆ. ಮೂರು ವಾರಕ್ಕೆ "ದೋಷವಿಲ್ಲ" ಎಂಬ ಪತ್ರದೊಂದಿಗೆ ವಾಪಸು ಬಂತು. ಖಾರವಾಗಿ ಒಂದು ಪತ್ರ ಬರೆದು ಮತ್ತೆ ಕಳಿಸಿದೆ. ಮತ್ತೆ ವಾಪಸು ಬಂತು. ಈ ಸಲದ ಪತ್ರದಲ್ಲಿ, ಬಳಸುವವರ ಕಡೆಯಿಂದ ಏನಾದರೂ ತೊಂದರೆಯಿದೆಯೇ ಪರಿಶೀಲಿಸಿ ಎಂಬ ಸಾಲೊಂದು ಹೆಚ್ಚಿಗೆ ಇತ್ತು. ಆ ಪತ್ರ ಬರೆದವನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿರಬೇಕೆಂದು ನಾನು ಅದನ್ನು ಹರಿದು ಹಾಕಿದೆ. ಕುರುಗೋಡಿನಲ್ಲಿ ನೋಡಿದರೆ ಎಲ್ಲ ಸರಿಯಾಗೇ ಇತ್ತು. ಬಾದನಹಟ್ಟಿಯಿಂದ ಬಂದ ಮೆಣಸಿನಕಾಯಿಯ ಕೆಂಪು ನನಗೂ ಉಪಕರಣಕ್ಕೂ ಒಂದೇ ಆಗಿ ಕಾಣುತ್ತಿತ್ತು. ವ್ಯಾಪಾರಿಗಳು, "ನಿಮ್ಮ ಕಣ್ಣು ಅಂದ್ರ ಕಣ್ಣು ಸರ್" ಎಂದು ಹೊಗಳಿದರು. ಹಾಗಾಗಿ ನನ್ನ ಕಣ್ಣಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಅದಾದ ತಿಂಗಳಿಗೆ ಜೀನ್ಸಿನ ಒಂದು ದೊಡ್ಡ ಲಾಟನ್ನು ನಾನು ತಡೆಹಿಡಿದೆ. ನೀಲಿಯೊಳಗೆ ಹಸಿರು ಇಣುಕುತ್ತಿದೆ ಎಂಬುದು ನನ್ನ ಆಕ್ಷೇಪ. ಉಪಕರಣ ಸರಿಯಿದೆ ಎಂದಿತ್ತು. ನನ್ನ ಲೆಕ್ಕದಲ್ಲಿ ಅದು ರೋಗಿ, ಅದರ ಮಾತಿಗೆ ಬೆಲೆಯಿಲ್ಲ. ನಜೀರ್ ಪ್ಯಾಂಟು ಹಿಡಿದು ಬಿಸಿಲಿಗೂ ನೆರಳಿಗೂ ನಾಲ್ಕು ಸಲ ಓಡಾಡಿದ. "ಸಾಬ್, ಹಸಿರು ಎಲ್ಲೈತಿ ತೋರಸ್ರಿ. ನಾನೂ ನೋಡೇ ಬಿಡ್ತೀನಿ" ಎಂದ. ತೋರಿಸಿದೆ. ಅವನಿಗೆ ಕಾಣಲಿಲ್ಲ. ಮಾಲೀಕರು ಬಂದರು, ಅವರಿಗೂ ಕಾಣಲಿಲ್ಲ. ಮಾಲೀಕರು ಮೆತ್ತಗೆ, "ಸರ್, ಈ ವರ್ಷದ ಕಣ್ಣಿನ ಪರೀಕ್ಷೆ ಇನ್ನೂ ಆಗಿಲ್ಲಲ್ಲ? ಈಗಲೇ ಮಾಡಿಬಿಡೋಣೇನು?" ಎಂದರು. ಬಣ್ಣಕ್ಕೆ ಸಹಿ ಹಾಕುವವರು ವರ್ಷಕ್ಕೊಮ್ಮೆ ಒಂದು ಪರೀಕ್ಷೆಗೆ ಕೂರಬೇಕೆಂದು ಕೊಳ್ಳುವವರ ಷರತ್ತಿದೆ. ನಾಲ್ಕು ತಟ್ಟೆಗಳಲ್ಲಿ ಬಣ್ಣಬಣ್ಣದ ಚಿಕ್ಕ ಬಿಲ್ಲೆಗಳಿರುತ್ತವೆ. ಅವನ್ನು ಕಲಸಿ, ಒಂದು ಬಣ್ಣದಿಂದ ಇನ್ನೊಂದಕ್ಕೆ ಹಂತಹಂತವಾಗಿ ಹೋಗುವ ಹಾಗೆ ಸಾಲಾಗಿ ಜೋಡಿಸಬೇಕು. ನಾನು ಪ್ರತಿ ವರ್ಷ ಅದನ್ನು ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ಮುಗಿಸುತ್ತಿದ್ದೆ.

ಕೆಂಪಿನ ತಟ್ಟೆ ಸರಿಯಾಯಿತು. ನೀಲಿ-ಹಸಿರಿನ ತಟ್ಟೆಗೆ ಬಂದಾಗ ಬಿಲ್ಲೆಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಂಡವು. ಜೋಡಿಸಿ, ತಿರುಗಿಸಿ, ಹಿಂದಿನ ಸಂಖ್ಯೆ ನೋಡಿದರೆ ಒಂದೂ ತನ್ನ ಜಾಗದಲ್ಲಿರಲಿಲ್ಲ. "ಬಿಲ್ಲೆಗಳು ಮಾಸಿವೆ" ಎಂದೆ. ಹೊಸ ಪೆಟ್ಟಿಗೆ ತರಿಸಿದರು. ಅವೂ ಮಾಸಿದ್ದವು. ಆಗ ನಜೀರ್, "ನಾನೊಂದು ಕೈ ನೋಡ್ಲೇನ್ರಿ ಸಾಬ್, ಮಜಾಕ್‌ಗೆ?" ಎಂದು ಕೂತವನು ನಾಲ್ಕೂ ತಟ್ಟೆಗಳನ್ನು ಒಂದೇ ಒಂದು ತಪ್ಪಿಲ್ಲದೆ ಜೋಡಿಸಿ, ಪ್ಯಾಂಟಿಗೆ ಕೈ ಒರೆಸಿಕೊಂಡು ಎದ್ದ. ಮಾಲೀಕರು, "ಒಂದು ತಿಂಗಳು ಇರ್ಲಿ ಸರ್. ಮತ್ತೊಮ್ಮೆ ಕೂಡ್ರಿ. ಆಗಲಿಲ್ಲಂದ್ರ ಸಹಿ ನಜೀರ್ ಮಾಡ್ತಾನ" ಎಂದರು. ಇನ್ನು ರಿಪೇರಿಗೆ ಕಳಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ನನ್ನನ್ನು ಬಿಟ್ಟು.

ಅವತ್ತು ಮನೆಗೆ ಹೋಗಿ ಸುಧಾಳಿಗೆ ಎಲ್ಲವನ್ನೂ ಹೇಳಿದೆ. ಊಟದ ಹೊತ್ತಿನಲ್ಲೇ ಹೇಳಿದೆ; ಅವಳು ಕಾನೂನು ನೆನಪಿಸಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಆ ಸಹಿ ಹೋದರೆ ನಾನು ಯಾರು? ಮಾವನವರಿಗೆ ಅರ್ಥವಾಗದ ನೌಕರಿ ಈಗ ನನಗೂ ಇಲ್ಲದಂತಾದರೆ ಏನು ಮಾಡಲಿ? ಅವಳು ನನ್ನ ತಟ್ಟೆಗೆ ಮೊಸರು ಹಾಕಿ, "ನಾಳೆ ಕಣ್ಣಿನ ಡಾಕ್ಟರ ಕಡೆ ಹೋಗೋಣ. ನಾನೂ ಬರ್ತೀನಿ" ಎಂದಳಷ್ಟೆ. ಮೊಸರು ನನಗೆ ಬೆಣ್ಣೆಯ ಬಣ್ಣದಲ್ಲಿ ಕಾಣುತ್ತಿತ್ತು. ಹಾಗೇ ಅನ್ನಕ್ಕೆ ಕಲಸಿಕೊಂಡು ಉಂಡೆ.

ಡಾಕ್ಟರಮ್ಮ ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಪೊರೆ ಬಂದಿದೆ, ಎರಡೂ ಕಣ್ಣಿಗೆ. ಮಸೂರವೆಲ್ಲ ಹಳದಿಯಾಗಿದೆ. ತಾವು ಏನು ಕೆಲಸ ಮಾಡ್ತೀರಿ?" ಎಂದರು. "ಬಣ್ಣ ಅಳೀತೀನಿ" ಎಂದೆ. ಅವರು ದೀಪ ಆರಿಸಿ, "ಈ ಕಣ್ಣಿಂದಾನಾ?" ಎಂದರು. ಅವಮಾನವನ್ನು ನುಂಗಿಕೊಂಡು, ಹಳದಿ ಎಂದರೆ ಎಷ್ಟು ಹಳದಿ ಎಂದು ಕೇಳಿದೆ. ಚಹಾದ ಬಣ್ಣ ಎಂದರು. "ಹಾಲು ಹಾಕಿದ್ದೋ, ಹಾಕದ್ದೋ?" ಎಂದೆ. ಸುಧಾ ನನ್ನ ಮೊಣಕೈ ತಿವಿದಳು. ಪ್ರತಿದಿನ ಬೆಳಿಗ್ಗೆ ಬಿಳಿ ಬಿಲ್ಲೆಯೊಂದರ ಮೇಲೆ ಇಟ್ಟು ಉಪಕರಣವನ್ನು ಸರಿಮಾಡಿಕೊಳ್ಳುವವನು ನಾನು. ದೀಪವನ್ನು ತಿಂಗಳಿಗೊಮ್ಮೆ ಪರೀಕ್ಷಿಸುತ್ತೇನೆ. ಬೆಳಕು, ವಸ್ತು, ಕಣ್ಣು ಮೂರೂ ಸೇರಿದರೆ ಬಣ್ಣ ಎಂದು ಸಿಕ್ಕವರಿಗೆಲ್ಲ ಪಾಠ ಮಾಡಿ, ಮೂರನೆಯದನ್ನು ಮಾತ್ರ ದೇವರು ಒಮ್ಮೆ ಸರಿಮಾಡಿ ಕಳಿಸಿದ್ದಾನೆ ಎಂದು ಬಿಟ್ಟುಬಿಟ್ಟಿದ್ದೆ.

ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಕಿಟಕಿಯಲ್ಲಿ ಆಕಾಶ ಕಂಡಿತು. ಇಷ್ಟು ನೀಲಿಯನ್ನು ಯಾರೋ ಹೊಸದಾಗಿ ಹಚ್ಚಿದ್ದಾರೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಅದು ಔಷಧಿಗೆ ಎಂದರು, ಹಾಗೇ ಇರಲಿ ಎಂದುಕೊಂಡೆ. ಸುಧಾ ಎದುರಿಗೆ ನಿಂತಿದ್ದಳು. ನಾನು ಬೂದು ಎಂದು ತಿಳಿದಿದ್ದ ಅವಳ ಸೀರೆ ಗೋರಟೆ ಹೂವಿನ ತಿಳಿ ನೇರಳೆಯಾಗಿತ್ತು. ಇಷ್ಟು ಚೆಂದದ ಸೀರೆ ಯಾವಾಗ ತಗೊಂಡೆ ಎಂದು ಕೇಳಿದೆ. "ನೀವೇ ಕೊಡಿಸಿದ್ರಿ. ಬೂದು ಬಣ್ಣ ಘನವಾಗಿರ್ತದ ಅಂತ ಹೇಳಿ ಕೊಡಿಸಿದ್ರಿ" ಎಂದಳು. ಆಮೇಲೆ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಅಂಗಿ ಕಣ್ಣಿಗೆ ಬಿತ್ತು. ಒಳ್ಳೆಯ ಆಕಾಶನೀಲಿ.

"ಇಲ್ಲಿ ಯಾರೋ ನೀಲಿ ಅಂಗಿ ಬಿಟ್ಟು ಹೋಗ್ಯಾರ ನೋಡು" ಎಂದೆ.

"ನಿಮ್ದೇರೀ" ಎಂದಳು ಸುಧಾ.

ಮನೆಗೆ ಬಂದು ಬೀರು ತೆಗೆದೆ. ಎಡಗಣ್ಣು ಮುಚ್ಚಿ ನೋಡಿದರೆ ಹನ್ನೆರಡು ನೀಲಿ ಅಂಗಿಗಳು. ಬಲಗಣ್ಣು ಮುಚ್ಚಿ ನೋಡಿದರೆ ಹನ್ನೆರಡು ಬಿಳಿ ಅಂಗಿಗಳು. ಬಣ್ಣದ ವಿಜ್ಞಾನಿಗೆ ಇಂಥ ಪ್ರಯೋಗಾಲಯ ಮನೆಯಲ್ಲೇ ಸಿಕ್ಕುವುದು ಅಪರೂಪ. ಆದರೂ ನನಗೆ ಖುಷಿಯಾಗಲಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದೆ. ನಾಲ್ಕೈದು ವರ್ಷವಾಗಿರಬಹುದು, ವರ್ಷವರ್ಷಕ್ಕೂ ಗಾಢವಾಗುತ್ತಾ ಬಂತು ಎಂದಳು. ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ದೆ. ನೀವು ಕಾಗದದ ಮ್ಯಾಲೆ ಗೆರಿ ಎಳೆದು ನನ್ನ ಕಣ್ಣು ಸರಿ ಇಲ್ಲ ಅಂದ್ರಿ. ಆ ಕಾಗದ ಇನ್ನೂ ಇಟ್ಟೀನಿ, ತೋರಸ್ಲೇನು?" ಎಂದಳು. ಬೇಡವೆಂದೆ.

ಎಡಗಣ್ಣಿನದೂ ಆಯಿತು. ಮಾಲೀಕರು ಕೊಟ್ಟ ಗಡುವು ಮೀರಿತ್ತು. ಅವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ತಿಂಗಳು ಕೊಟ್ಟಿದ್ದರು. ಪರೀಕ್ಷೆಯ ದಿನ ಹೊಚ್ಚ ಹೊಸ ಬಿಳಿ ಅಂಗಿ ಹಾಕಿಕೊಂಡು ಹೋದೆ. ಗೇಟಿನಲ್ಲಿ ಕಾವಲಿನವನು ಯಾರು ಬೇಕಾಗಿತ್ತು ಎಂದು ಕೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡ. ನಜೀರ್ ಓಡಿಬಂದು, "ಯಾಕ ಸಾಬ್ ಇವತ್ತು ಬಿಳಿ ಅಂಗಿ? ಮನಿ ಕಡೆ ಎಲ್ಲಾ ಖೈರಿಯತ್ ಅಲ್ಲ?" ಎಂದ. ಯುನಿಟ್ಟಿನಲ್ಲಿ ನನಗೆ ನೀಲಿ ಅಂಗಿ ಸಾಬ್ ಎಂದು ಹೆಸರಿತ್ತಂತೆ. ಜೀನ್ಸಿನ ಮೇಲಿನ ಅಭಿಮಾನಕ್ಕೆ ಹಾಗೆ ಹಾಕುತ್ತೇನೆಂದು ಎಲ್ಲರೂ ಗೌರವವಿಟ್ಟುಕೊಂಡಿದ್ದರು. ಬಿಲ್ಲೆಗಳನ್ನು ಜೋಡಿಸಿದೆ. ಈ ಸಲ ಅವು ಒಂದೊಂದೂ ತನ್ನ ಹೆಸರು ಹೇಳಿ ಕೂತವು. ಎರಡು ಕಡೆ ಮಾತ್ರ ಅಕ್ಕಪಕ್ಕದವು ಅದಲುಬದಲಾದವು, ಅಷ್ಟಕ್ಕೆ ವಿನಾಯಿತಿಯಿದೆ. ಸಹಿ ಉಳಿಯಿತು. ನಾನೇ ಮಾಲೀಕರಿಗೆ ಹೇಳಿ, ನನ್ನ ಸಹಿಯ ಪಕ್ಕದಲ್ಲಿ ನಜೀರನದೂ ಇರಬೇಕೆಂದು ಮಾಡಿಸಿದೆ. ಅವನು ಮೊದಲ ದಿನ ಹೆಸರು ಬರೆಯಲು ನನಗಿಂತ ಹೆಚ್ಚು ಹೊತ್ತು ತಗೊಂಡ, ಅಷ್ಟೇ ಹೆಚ್ಚು ಹೊತ್ತು ಅದನ್ನು ನೋಡುತ್ತಾ ನಿಂತ. ತಡೆಹಿಡಿದಿದ್ದ ಆ ಲಾಟು ಅವತ್ತೇ ಗೇಟು ದಾಟಿತು. ಸಿರುಗುಪ್ಪಕ್ಕೆ ಹೋದಾಗ ಈರಮ್ಮನಿಗೆ, ಅಕ್ಕಿ ಬೆಳ್ಳಗಿದೆ ಎಂದು ನಾನಾಗಿ ಹೇಳಿದೆ. ಅವಳು, "ಹೌದಲ್ರೀ, ಅವತ್ತೇ ಹೇಳಿದ್ನಲ್ಲ" ಎಂದು ಕೆಲಸ ಮುಂದುವರಿಸಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬಿಳಿ ಅಂಗಿಯಲ್ಲಿ ಕನ್ನಡಿ ನೋಡಿದಾಗಲೆಲ್ಲ ಬೇರೆ ಯಾರೋ ಬಂದು ನಿಂತಂತೆ ನನಗೇ ಅನ್ನಿಸತೊಡಗಿತು. ಒಂದು ದಿನ ಸುಧಾ ತಾನಾಗಿ, "ಆ ನೀಲಿ ನಿಮಗ ಭಾಳ ಒಪ್ಪತಿತ್ತು. ಅದಕ್ಕೇ ನಾನೂ ಸುಮ್ಮನಿದ್ದೆ" ಎಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಬಟ್ಟೆಯ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ಇಷ್ಟು ಕೇಳಿದ ಮೇಲೆ ಬಿಳಿ ಹಾಕಲು ಮನಸ್ಸು ಬರುತ್ತದೆಯೇ? ಬಣ್ಣದ ಕೋಣೆಗೆ ಬಿಳಿ ಕೋಟು ಇಟ್ಟುಕೊಂಡು, ಉಳಿದಂತೆ ಹಳೆಯ ನೀಲಿಗೇ ಹೋಗುವುದೆಂದು ತೀರ್ಮಾನಿಸಿದೆ. ಹೊಸ ಅಂಗಿಗಳನ್ನೂ ಅದೇ ನೀಲಿಗೆ ತರಲು ಭಾನುವಾರ ಮಾಳಿಗೆ ಹತ್ತಿದೆ. ಈ ಸಲ ಉಪಕರಣ, ತಕ್ಕಡಿ, ಅಳತೆಯ ನಳಿಗೆ, ನೋಟ್‌ಬುಕ್ಕು ಎಲ್ಲ ಜೊತೆಗಿದ್ದವು. ಹಳೆಯ ಅಂಗಿ ಅಳೆದೆ, ಲೆಕ್ಕ ಹಾಕಿದೆ, ಅದ್ದಿದೆ. ಗಾಢವಾಯಿತು. ಮತ್ತೊಂದು ಅದ್ದಿದೆ, ತೆಳುವಾಯಿತು. ಮೂರನೆಯದು ಪಟ್ಟೆಪಟ್ಟೆಯಾಯಿತು. ಎದುರಿಗೆ ಊರಿನ ಕೋಟೆ ಗುಡ್ಡದ ಮೇಲೆ ಬಿಸಿಲೇರಿ ಬಂಡೆಗಳು ಕಾದವು. ನನಗೆ ಆ ನೀಲಿ ಬರಲೇ ಇಲ್ಲ. ಪೊರೆಯಿದ್ದಾಗ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ ಅದು.

ಒಣಗಿದ ಬಟ್ಟೆ ತೆಗೆಯಲು ಬಂದ ಸುಧಾ ನನ್ನ ಅವಸ್ಥೆ ನೋಡಿದಳು. ಸೆರಗು ಸಿಕ್ಕಿಸಿಕೊಂಡು, ಬಕೆಟ್ಟಿನ ನೀರು ಚೆಲ್ಲಿ, ಹೊಸ ನೀರು ತುಂಬಿ, ಸೀಸೆ ಬಗ್ಗಿಸಿದಳು. ಎಷ್ಟು ಹನಿ ಎಂದು ನಾನು ಎಣಿಸುವಷ್ಟರಲ್ಲಿ ಮುಚ್ಚಳ ಹಾಕಿಯಾಗಿತ್ತು. ಅಂಗಿ ಅದ್ದಿ, ಹಿಂಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು ಒಂದು ಕ್ಷಣ ನೋಡಿ ತಂತಿಯ ಮೇಲೆ ಹರವಿದಳು. ಒಣಗಿದ ಮೇಲೆ ಹಳೆಯದರ ಪಕ್ಕದಲ್ಲಿಟ್ಟು ಉಪಕರಣದಿಂದ ಅಳೆದೆ. ವ್ಯತ್ಯಾಸ ಇಲ್ಲವೆನ್ನುವಷ್ಟು. ನಂಬಿಕೆ ಬರದೆ ಇನ್ನೊಮ್ಮೆ ಅಳೆದೆ. ಉಪಕರಣವನ್ನು ತಟ್ಟಿ ನೋಡಿ ಮೂರನೆಯ ಸಲವೂ ಅಳೆದೆ. ಸುಧಾ ಮಡಿಸಿದ ಬಟ್ಟೆಗಳನ್ನು ಕಂಕುಳಲ್ಲಿಟ್ಟುಕೊಂಡು ನನ್ನ ನೋಟ್‌ಬುಕ್ಕನ್ನೂ ಪೆನ್ನನ್ನೂ ಮುಂದೆ ಹಿಡಿದಳು.

"ಸಹಿ ಮಾಡ್ತೀರೋ, ಡಬ್ಬಿ ಮತ್ತ ರಿಪೇರಿಗೆ ಕಳಸ್ತೀರೋ?"

ಸಹಿ ಮಾಡಿದೆ.